ಮೊಂಡು ಬಾಲದ ಕಾಗೆ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಮೂರು ಸಲ ಓದಿದೆ. ಮನೆ ವಿಷಯವೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ನಿನ್ನ ಕಾಮಿಕ್ಸ್ ಮಾಟಗಾತಿಗೆ ಪ್ರಕಾಶಕರು ಒಪ್ಪಂದ ಕಳಿಸಿದ್ದಾರೆ ಅಂತ ಬರೆದು, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಗೀಚಿದ್ದೀಯಲ್ಲ, ‘ಅಲನ್ ಮೂರ್‌ಗೇ ಹಾಗಾಯಿತು, ನನ್ನ ಮಾಟಗಾತಿ ನನ್ನವಳಾಗಿ ಉಳಿಯುತ್ತಾಳಾ ದೊಡ್ಡಪ್ಪ?’ ಅಂತ. ಅದು ನಿದ್ದೆ ಕೆಡಿಸಿತು.

ಗೆದ್ದಿದ್ದೇ ಇಂಗ್ಲೆಂಡಿನ ಕಾಮಿಕ್ಸ್ ಬರಹಗಾರ ಮೂರ್‌ಗೆ ಮುಳುವಾಯಿತು, ನೋಡು. ‘ವಾಚ್‌ಮೆನ್’ ಎಂಬ ಅವನ ಕಾಮಿಕ್ಸ್ 1986ರಲ್ಲಿ ಶುರುವಾಗಿ ಮರುವರ್ಷ 12 ಸಂಚಿಕೆಗೆ ಮುಗಿಯಿತು. ಮುದ್ರಣ ನಿಂತು ಒಂದು ವರ್ಷವಾದರೆ ಹಕ್ಕು ಅವನಿಗೂ ಚಿತ್ರ ಬರೆದ ಡೇವ್ ಗಿಬ್ಬನ್ಸ್‌ಗೂ ವಾಪಸ್ ಎಂದು ಒಪ್ಪಂದ. ಆಗೆಲ್ಲ ಕಾಮಿಕ್ಸ್ ಬಂದಷ್ಟೇ ಬೇಗ ಅಂಗಡಿಯಿಂದ ಮಾಯ. ಇನ್ನೆಷ್ಟು ದಿನ, ಅಲ್ವಾ? ಆದರೆ ಅದರ ಪ್ರಕಾಶಕರು, ಡಿಸಿಯವರು, ಎಲ್ಲ ಸೇರಿಸಿ ಒಂದೇ ಪುಸ್ತಕ ಮಾಡಿದರು. ಅದು ಖರ್ಚಾಗುತ್ತಲೇ ಇದೆ, ಅವರು ಅಚ್ಚು ಹಾಕುತ್ತಲೇ ಇದ್ದಾರೆ. ಆ ಒಂದು ವರ್ಷ ಇವತ್ತಿಗೂ ಬಂದಿಲ್ಲ.

ನಿನ್ನ ಭಯ ಸುಮ್ಮನೆ ಅಲ್ಲ ಅಂತ ಹೇಳಲು ಇದನ್ನು ಬರೆದೆ. ಧೈರ್ಯ ಹೇಳಬೇಕಾದವನು ಹೆದರಿಸುತ್ತಿದ್ದೇನೇನೋ.

ನನ್ನದೂ ಒಂದು ಕಾಗೆ ಇತ್ತು. ಮಕ್ಕಳ ಪತ್ರಿಕೆಯೊಂದಕ್ಕೆ ಎರಡು ವರ್ಷ ಬರೆದೆ. ಅವರು ಚಾಚಿದ ಕಾಗದಕ್ಕೆ ನಿಂತಲ್ಲೇ ಸಹಿ ಹಾಕಿದ್ದೆ, ಓದಿರಲಿಲ್ಲ. ಆಮೇಲೊಂದು ದಿನ ಬಸ್ಸಿನಲ್ಲಿ ಪಕ್ಕದ ಹುಡುಗನ ಪೆನ್ಸಿಲ್ ಬಾಕ್ಸ್ ಮೇಲೆ ನನ್ನ ಕಾಗೆ! ನಾನು ಬಾಲ ಮೊಂಡು ಮಾಡಿದ್ದೆ, ನಾಯಿ ಕಚ್ಚಿದ ಕಥೆ ಅದು. ಇವರು ಉದ್ದ ಬಾಲ ಹಚ್ಚಿದ್ದರು. ಹಣಕ್ಕಿಂತ ಆ ಬಾಲ ಜಾಸ್ತಿ ನೋಯಿಸಿತು. ಆ ರಾತ್ರಿ ನಿಬ್ಬುಗಳನ್ನೆಲ್ಲ ಡಬ್ಬಿಗೆ ಹಾಕಿ ಮುಚ್ಚಿದವನು ಮತ್ತೆ ತೆಗೆಯಲಿಲ್ಲ. ಕಾಗೆ ಹೋದದ್ದು ಅವರಿಂದ. ಕೈ ನಿಂತದ್ದು ನನ್ನಿಂದ.

ಮೂರ್ ಹಟಮಾರಿ. ‘ವಿ ಫಾರ್ ವೆಂಡೆಟಾ’ ಎಂಬ ತನ್ನ ಇನ್ನೊಂದು ಕಾಮಿಕ್ಸಿನ ಸಿನಿಮಾದಿಂದ ಹೆಸರು ತೆಗೆಸಿದ, ತನ್ನ ಪಾಲಿನ ದುಡ್ಡನ್ನೂ ಚಿತ್ರಗಾರನಿಗೆ ಬಿಟ್ಟ. ಮುಂದುವರಿದ ಕಥೆಗಳಿಗೆ ಒಪ್ಪಿದರೆ ‘ವಾಚ್‌ಮೆನ್’ ಹಕ್ಕು ಕೊಡುತ್ತೇವೆ ಅಂತ 2010ರಲ್ಲಿ ಮಾತು ಬಂದಾಗ ಬೇಡವೆಂದ. 2012ರಲ್ಲಿ ಅವನಿಲ್ಲದೆಯೇ, ‘ವಾಚ್‌ಮೆನ್’ಗೂ ಮುಂಚೆ ನಡೆದದ್ದು ಅಂತ ಹೊಸ ಕಥೆಗಳನ್ನು ತಂದರು. ಮುಂಗೋಪಿ ಅಂತ ಜನ ನಗುತ್ತಾರೆ. ನನಗೆ ನಗು ಬರಲ್ಲ. ಅಷ್ಟು ಸಿಟ್ಟಿನಲ್ಲೂ ತನ್ನೂರು ನಾರ್ಥಾಂಪ್ಟನ್ ಮೇಲೆ ಸಾವಿರ ಪುಟ ದಾಟಿದ ಕಾದಂಬರಿ ಬರೆದ, 2016ರಲ್ಲಿ. ನಾನು ಒಂದು ಗೆರೆ ಎಳೆಯಲಿಲ್ಲ.

ಮಾಟಗಾತಿ ಉಳಿಯುತ್ತಾಳಾ ಅಂದರೆ ಏನು ಹೇಳಲಿ? ಹಕ್ಕು ಯಾವಾಗ ವಾಪಸ್ ಅನ್ನುವಲ್ಲಿ ‘ಮುದ್ರಣ ನಿಂತರೆ’ ಅಂತಿದ್ದರೆ ಬೇಡ, ಇಷ್ಟು ವರ್ಷ ಅಂತ ಬರೆಸು. ಸಿನಿಮಾ, ಆಟಿಕೆಯ ಹಕ್ಕು ಬೇರೆ ಬೇರೆ ಇರಲಿ. ವಕೀಲರಿಗೆ ತೋರಿಸು, ನನ್ನ ಮಾತು ನಂಬಬೇಡ, ನಾನು ಓದದೆ ಸಹಿ ಹಾಕಿದವನು. ‘ಸಹಿ ಇವತ್ತೇ ಬೇಕು’ ಅಂದರೆ ನಾಳೆ ಅನ್ನು. ಅವಕಾಶ ತಪ್ಪಿದರೆ? ತಪ್ಪಬಹುದು, ಸುಳ್ಳು ಹೇಳಲ್ಲ.

ಸೂಪರ್‌ಮ್ಯಾನ್ ಹುಟ್ಟಿಸಿದ ಇಬ್ಬರು ಹುಡುಗರು 1938ರಲ್ಲಿ 130 ಡಾಲರ್‌ಗೆ ಅವನನ್ನು ಮಾರಿದರು. ಅವರಿಗೂ ಅವಕಾಶ ತಪ್ಪೀತು ಅನ್ನುವ ಭಯವೇ ಇದ್ದಿರಬೇಕು.

ಅವಳ ಚಿತ್ರ ಒಂದು ಕಳಿಸು, ನೋಡಬೇಕು. ನಿನ್ನ ಕಾಗದ ಬಂದ ಮೇಲೆ ಆ ಡಬ್ಬಿ ಹುಡುಕಿದೆ. ನಿಮ್ಮ ದೊಡ್ಡಮ್ಮ ಅದರಲ್ಲಿ ಗುಂಡಿ ತುಂಬಿಟ್ಟಿದ್ದಾಳೆ. ಅಡಿಯಲ್ಲಿ ಎರಡು ನಿಬ್ಬಿತ್ತು, ತುಕ್ಕು ಹಿಡಿದಿವೆ. ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದೇನೆ.

ನಿನ್ನ ದೊಡ್ಡಪ್ಪ