ಇನ್ನು ಮುಂದೆ ಅಂಗಳಕ್ಕೆ ಪೂರ್ತಿ ಸಿಮೆಂಟ್ ಹಾಕುವುದಿಲ್ಲ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಈ ವರ್ಷದಿಂದ ನಮ್ಮ ಕೆಲಸದ ರೀತಿ ಬದಲಾಗುತ್ತಿದೆ. ಮನೆಯ ಅಂಗಳಕ್ಕೆ ಒಂದು ಕಾಂಪೌಂಡಿನಿಂದ ಇನ್ನೊಂದು ಕಾಂಪೌಂಡಿನ ತನಕ ಪೂರ್ತಿ ಸಿಮೆಂಟ್ ಹಾಕುವ ಕೆಲಸವನ್ನು ಇನ್ನು ಒಪ್ಪಿಕೊಳ್ಳುವುದಿಲ್ಲ. ತಾರಸಿ ನೀರಿನ ಪೈಪನ್ನು ಯುಜಿಡಿ (ಮನೆಗಳ ಹೊಲಸು ನೀರು ಹೋಗುವ ಒಳಚರಂಡಿ) ಚೇಂಬರಿಗೆ ಸೇರಿಸಿ ಕೊಡುವುದೂ ಇಲ್ಲ. ಕಾರಣ ಹೇಳದೆ ಸುಮ್ನೆ ‘ಆಗಲ್ಲ’ ಅಂದರೆ ನಿಮಗೆ ಬೇಜಾರಾಗುತ್ತೆ. ಅದಕ್ಕೇ ಈ ಪತ್ರ.

ಕಳೆದ ಸಲ ಪುನರ್ವಸು ಮಳೆ ಹಿಡಿದಿದ್ದಾಗ ಚಿಕ್ಕಮಗಳೂರಿನಲ್ಲೇ ಒಂದು ಇಳಿಜಾರು ಬಡಾವಣೆಗೆ ಹೋಗಿದ್ದೆವು. ಮೇಲಿನ ಸಾಲಿನ ಅಂಗಳಗಳಲ್ಲಿ ಹೆಚ್ಚಿನವು ನಮ್ಮ ಕೈಯಲ್ಲೇ ಆದವು. ಎಲ್ಲೂ ಒಂದು ಹನಿ ನಿಂತಿರಲಿಲ್ಲ. ಕೆಳಗಿನ ಸಾಲಿನ ಕೊನೆ ಮನೆಯಲ್ಲಿ ಒಬ್ಬರು ಅಜ್ಜಿ ಹೊಸ್ತಿಲಿಗೆ ಗೋಣಿಚೀಲ ಒತ್ತಿ, ಪಡಸಾಲೆಯಿಂದ ಕೆಂಪು ನೀರನ್ನು ಚೊಂಬಿನಲ್ಲಿ ಮೊಗೆದು ಬಕೆಟ್ಟಿಗೆ ಹಾಕುತ್ತಿದ್ದರು. ತುಳಸಿಕಟ್ಟೆಯ ಮಣ್ಣೆಲ್ಲ ಕೊಚ್ಚಿ ಗೇಟಿನ ಹತ್ತಿರ ಬಂದು ಕೂತಿತ್ತು. ಮೇಲೆ ಮಣ್ಣಿನ ಅಂಗಳಗಳಿದ್ದಾಗ ಹೀಗೆ ನೀರು ನುಗ್ಗಿದ್ದೇ ಇಲ್ಲವಂತೆ. ನಾವು ಮೇಲೆ ನಿಲ್ಲಲು ಬಿಡದ ನೀರು ಅವರ ಮನೆಯಲ್ಲಿ ನಿಂತಿತ್ತು. ಆವತ್ತು ನಮಗೆ ತುಂಬಾ ನೋವಾಯಿತು.

ಲೆಕ್ಕ ಕಷ್ಟದ್ದೇನಲ್ಲ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 30×40 ಅಡಿಯ ಸೈಟು ಅಂದರೆ ಸುಮಾರು 111 ಚದರ ಮೀಟರ್. 50 ಮಿಲಿಮೀಟರ್ ಮಳೆಗೆ 5,500 ಲೀಟರ್ ದಾಟುತ್ತೆ. ಇಂಥ 40 ಸೈಟುಗಳಿಗೆ 2,20,000 ಲೀಟರ್! ತಾರಸಿ, ಸಿಮೆಂಟು ಎರಡೂ ಸೇರಿ ಸೈಟನ್ನು ಮುಚ್ಚಿಬಿಟ್ಟರೆ ಇದರಲ್ಲಿ ಬಹುಪಾಲು ಒಂದೇ ಸಲ ರಸ್ತೆಗೆ ಬರುತ್ತೆ. ಎರಡಡಿ ಚರಂಡಿ ಎಷ್ಟು ತಾನೇ ಎಳೆದೀತು? ಇನ್ನು ಮಳೆನೀರು ಯುಜಿಡಿಗೆ ನುಗ್ಗಿದರೆ ತಗ್ಗಿನ ಮನೆಯವರ ಬಚ್ಚಲಲ್ಲಿ ಹೊಲಸು ನೀರು ಉಕ್ಕುತ್ತೆ. ಅದನ್ನು ಬಾಯಿಬಿಟ್ಟು ಹೇಳೋದೂ ಕಷ್ಟ.

ನಮ್ಮ ಕಾಫಿ ತೋಟಗಳಲ್ಲಿ ಗಿಡದ ಸಾಲಿನ ನಡುವೆ ತೊಟ್ಟಿಲು ಗುಂಡಿ ತೆಗೆಯುತ್ತಾರೆ ಅಲ್ವಾ? ಬಿದ್ದ ನೀರು ಅಲ್ಲೇ ಇಂಗಲಿ, ಮೇಲ್ಮಣ್ಣು ಹೋಗದಿರಲಿ ಅಂತ. ಅದನ್ನೇ ಮನೆಯ ಅಂಗಳಕ್ಕೂ ತರುತ್ತಿದ್ದೇವೆ. ಇಂಟರ್‌ಲಾಕ್ ಕಲ್ಲುಗಳನ್ನು ಸಿಮೆಂಟಿನ ಮೇಲೆ ಕೂರಿಸುವುದಿಲ್ಲ. ದಮ್ಮಸ್ಸು ಮಾಡಿದ ಜಲ್ಲಿಯ ಮೇಲೆ ಕೂರಿಸಿ, ಸಂದಿಗೆ ಸಣ್ಣ ಕಲ್ಲಿನ ಚಿಪ್ಸ್ ತುಂಬುತ್ತೇವೆ. ಕಾರು ನಿಂತರೂ ಕುಸಿಯುವುದಿಲ್ಲ. ಕಾಂಪೌಂಡಿನ ಬದಿಗೆ ಎರಡಡಿ ಮಣ್ಣು ಹಾಗೇ ಬಿಡುತ್ತೇವೆ, ಹೂಗಿಡಕ್ಕೂ ಆಯಿತು. ತಾರಸಿ ನೀರಿಗೆ ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಆರಡಿ ಆಳದ ಇಂಗುಗುಂಡಿ. ಪಾಯದಿಂದ ಹತ್ತಡಿ ದೂರ, ಶೌಚದ ಗುಂಡಿಯಿಂದ ಇನ್ನೂ ದೂರ. ಕಲ್ಲು ತುಂಬಿದ ಮೇಲೆ ಅದರಲ್ಲಿ ಸಾವಿರ ಲೀಟರಿನಷ್ಟು ಹಿಡಿಯುತ್ತೆ. ಮಿಕ್ಕಿದ್ದು ಪೈಪಿನಲ್ಲಿ ಚರಂಡಿಗೆ ಹೋಗುತ್ತೆ. ಅಂದರೆ ಎಲ್ಲ ನೀರನ್ನೂ ನಿಲ್ಲಿಸುತ್ತೇವೆ ಅಂತ ನಾವು ಹೇಳುತ್ತಿಲ್ಲ. ಆದರೆ ಜೋರು ಮಳೆಯ ಮೊದಲ ಹೊಡೆತ ಕೆಳಗಿನವರ ಮೇಲೆ ಬೀಳುವುದಿಲ್ಲ.

ಒಂದು ವಿಷಯ ಮಾತ್ರ ದಯವಿಟ್ಟು ಗಮನಿಸಿ. ಮನೆಯ ಹಿಂದೆ ಅಥವಾ ಮುಂದೆ ಕಡಿದ ಧರೆ (ಇಳಿಜಾರು ಕಡಿದಾಗ ನೆಟ್ಟಗೆ ಉಳಿಯುವ ಮಣ್ಣಿನ ಗೋಡೆ) ಇದ್ದರೆ, ಅದರ ಮೇಲೆ ಇಂಗುಗುಂಡಿ ಬೇಡವೇ ಬೇಡ. ನೀರು ಕುಡಿದ ಧರೆ ಜರಿಯುತ್ತೆ. ಅಂಥ ಕಡೆ ನೀರನ್ನು ಕಾಲುವೆಯಲ್ಲಿ ಹುಷಾರಾಗಿ ಕೆಳಗಿಳಿಸುವುದೇ ಸರಿ. ಆಷಾಢದಲ್ಲಿ ಜಲ ಏಳುವ ಜಾಗದಲ್ಲೂ ಗುಂಡಿ ತೆಗೆದು ಉಪಯೋಗವಿಲ್ಲ. ಜಾಗ ನೋಡದೆ ನಾವು ಗುದ್ದಲಿ ಹಾಕುವುದಿಲ್ಲ.

ಖರ್ಚು ಸ್ವಲ್ಪ ಜಾಸ್ತಿಯಾಗುತ್ತೆ, ಮುಚ್ಚಿಡುವುದಿಲ್ಲ. ಗುಂಡಿಯ ಕೂಲಿ, ಕಲ್ಲು, ಪೈಪಿಗೆ ಅಸಲು ಮಾತ್ರ ತೆಗೆದುಕೊಳ್ಳುತ್ತೇವೆ, ಲಾಭ ಇಟ್ಟುಕೊಳ್ಳುವುದಿಲ್ಲ. ಈಗಾಗಲೇ ಮುಂಗಡ ಕೊಟ್ಟವರಿಗೆ ಹೊಸ ರೀತಿ ಒಪ್ಪಿಗೆಯಾಗದಿದ್ದರೆ ಪೂರ್ತಿ ಹಣ ವಾಪಸ್.

ನಾವೇ ಹಿಂದೆ ಸಿಮೆಂಟ್ ಹಾಕಿದ ಅಂಗಳಗಳಿಗೆ ಗೇಟಿನ ಒಳಗೆ ಅಡ್ಡಕ್ಕೆ ಒಂದಡಿ ಕತ್ತರಿಸಿ ಜಲ್ಲಿ ತುಂಬಿ ಕೊಡುತ್ತೇವೆ. ಅದಕ್ಕೆ ಕೂಲಿ ಬೇಡ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಮಣ್ಣು ಮೆತ್ತಗಾದಾಗ ಶುರು ಮಾಡಿದರೆ ಮೃಗಶಿರಾ ಹೊತ್ತಿಗೆ ಮುಗಿಸಬಹುದು. ಇಳಿಜಾರಿನ ಮೇಲಿನ ಸಾಲಿನವರು ಮೊದಲು ತಿಳಿಸಿ, ಅಲ್ಲಿಂದಲೇ ಶುರು ಮಾಡುತ್ತೇವೆ.

ಇಂತಿ ನಿಮ್ಮ,
ಅಂಗಳದ ಕೆಲಸದವರು
ಚಿಕ್ಕಮಗಳೂರು