ತಂಗಿಗೆ: ಗೋಧಿಯ ನ್ಯಾಕ್ ಮನೆತನದ ಲೆಕ್ಕ

ನಾರ್ವಿಚ್, ಇಂಗ್ಲೆಂಡ್

ಪ್ರೀತಿಯ ತಂಗಿಗೆ,

ಅಪ್ಪ, ಅವ್ವನಿಗೆ ನಮಸ್ಕಾರ ಹೇಳು. ಎಂ.ಎಸ್ಸಿ ಪ್ರಾಜೆಕ್ಟಿಗೆ ಗೋಧಿಯ ನ್ಯಾಕ್ ಜೀನುಗಳನ್ನೇ, ಅಂದರೆ ಬೇರೆ ಜೀನುಗಳನ್ನು ನಡೆಸೋ ಒಂದು ಮನೆತನವನ್ನೇ, ಹಿಡಿದಿದ್ದೀಯಂತೆ. ಪಟ್ಟಿ ಮಾಡೋದು ಎರಡು ದಿನದ ಕೆಲಸ. ಪಟ್ಟಿಯಲ್ಲಿ ಯಾರು ಯಾರು ಅಂತ ಬೇರ್ಪಡಿಸೋದರಲ್ಲೇ ವರ್ಷ ಕಳೆಯುತ್ತೆ.

ಅಪ್ಪ ಕೇಳಿದರೆ ಹೀಗೆ ಹೇಳು: ಇವು ದುಡಿಯೋ ಜೀನುಗಳಲ್ಲ, ದುಡಿಯೋರನ್ನು ಎಬ್ಬಿಸಿ ಮಲಗಿಸೋ ಯಜಮಾನರು. ಎಲೆಯ ಸಾರಜನಕ, ಕಬ್ಬಿಣ, ಸತು ಕಾಳಿಗೆ ಯಾವಾಗ ಇಳಿಯಬೇಕು ಅನ್ನೋದರಲ್ಲಿ ಇವರ ಮಾತು ನಡೆಯುತ್ತೆ. 2006ರಲ್ಲಿ ಪತ್ತೆಯಾದ ನ್ಯಾಮ್-ಬಿ1 ಈ ಮನೆತನದ್ದೇ. ಅದನ್ನೂ ಅದರ ಒಡಹುಟ್ಟುಗಳನ್ನೂ ಅಡಗಿಸಿದಾಗ ಗಿಡ ಮೂರು ವಾರಕ್ಕೂ ಹೆಚ್ಚು ತಡವಾಗಿ ಒಣಗಿತು. ಕಾಳಿನ ಪ್ರೋಟೀನು, ಸತು, ಕಬ್ಬಿಣ ಶೇ 30ಕ್ಕೂ ಹೆಚ್ಚು ಕುಸಿದವು. ಹೊಲ ಹಸಿರಾಗಿ ನಿಂತರೆ ಕಣ್ಣಿಗೆ ಚೆಂದ, ಕಾಳಿಗೆ ಮೋಸ.

ಪಟ್ಟಿಗೆ ಎನ್ಸೆಂಬಲ್ ಪ್ಲಾಂಟ್ಸ್ ಅನ್ನೋ ಗಿಡಗಳ ಜೀನ್ ಜಾಲತಾಣದಿಂದ ಪ್ರೋಟೀನ್ ಫೈಲ್ ಇಳಿಸಿಕೋ. ಒಂದು ಜೀನಿಗೆ ಒಂದೇ ಪ್ರೋಟೀನು, ಅತಿ ಉದ್ದದ್ದು, ಇಟ್ಟುಕೋ. ಒಂದೇ ಜೀನಿನ ಎಲ್ಲ ರೂಪಗಳನ್ನೂ ಇಟ್ಟುಕೊಂಡರೆ ಎಣಿಕೆ ಸುಮ್ಮನೆ ಉಬ್ಬುತ್ತೆ. ನ್ಯಾಕ್ ಭಾಗದ ಗುರುತಾದ ಪಿಎಫ್02365 ಮಾದರಿಯಿಂದ ಹುಡುಕು, ಇ-ಮೌಲ್ಯ (ಹೋಲಿಕೆ ಬರೀ ಆಕಸ್ಮಿಕವೋ ಅಂತ ತೋರಿಸೋ ಅಳತೆ) 0.00001ಕ್ಕಿಂತ ಕಡಿಮೆ ಇರಲಿ. ರೊಟ್ಟಿ ಗೋಧಿಯಲ್ಲಿ 450ರ ಆಸುಪಾಸು ಬರಬೇಕು. ತೀರಾ ಹೆಚ್ಚು ಬಂದರೆ ತುಂಡು ಜೀನುಗಳು ನುಸುಳಿವೆ ಅಂತ ಅನುಮಾನಪಡು. ಇಷ್ಟೊಂದು ಯಾಕೆ ಅಂದರೆ ರೊಟ್ಟಿ ಗೋಧಿಯಲ್ಲಿ ಎ, ಬಿ, ಡಿ ಅಂತ ಮೂರು ಜೀನೋಮು (ಜೀನುಗಳ ಪೂರ್ತಿ ಗುಂಪು), ಸಾಮಾನ್ಯವಾಗಿ ಪ್ರತಿ ಜೀನಿಗೂ ಮೂರು ಪ್ರತಿ. ವಂಶವೃಕ್ಷ ಕಟ್ಟುವಾಗ ಮೊದಲ ಸುಮಾರು 150 ಅಮೈನೋ ಆಮ್ಲಗಳ ನ್ಯಾಕ್ ಭಾಗವನ್ನಷ್ಟೇ ಜೋಡಿಸು. ಬಾಲದ ಭಾಗ ಒಬ್ಬೊಬ್ಬರದು ಒಂದೊಂದು ಥರ, ಜೋಡಿಸಿದರೆ ಮರ ಕೆಡುತ್ತೆ.

ಜೀನು ಎಷ್ಟು ಎಚ್ಚರವಾಗಿದೆ ಅಂತ ಕ್ಯೂಪಿಸಿಆರ್‌ನಲ್ಲಿ (ಜೀನಿನ ಒಂದು ತುಣುಕನ್ನು ಪ್ರತಿ ಮಾಡುತ್ತಾ ಅಳೆಯೋ ವಿಧಾನ) ನೋಡಲು ಬರೆಯೋ ಪ್ರೈಮರಿಗೆ, ಅಂದರೆ ಆ ತುಣುಕನ್ನು ಗುರುತಿಸೋ ಪುಟ್ಟ ಡಿಎನ್‌ಎಗೆ, ಮಾತ್ರ ಇದು ತಿರುವುಮುರುವು. ನ್ಯಾಕ್ ಭಾಗದಲ್ಲಿ ಬರೆದರೆ ದಾಯಾದಿಗಳೆಲ್ಲ ಒಟ್ಟಿಗೆ ಎದ್ದು ಬರುತ್ತಾರೆ. ಬಾಲದಲ್ಲೋ 3' ಯುಟಿಆರ್‌ನಲ್ಲೋ (ಜೀನಿನ ಕೊನೆಯಲ್ಲಿ ಪ್ರೋಟೀನಾಗದ ಭಾಗ) ಬರೆ. ಎ, ಬಿ, ಡಿ ನಡುವೆ ವ್ಯತ್ಯಾಸವಿರೋ ಅಕ್ಷರ ಪ್ರೈಮರಿನ 3' ತುದಿಗೇ ಬೀಳಲಿ. ತುಣುಕು 80ರಿಂದ 150 ಬೇಸ್ (ಡಿಎನ್‌ಎ ಅಕ್ಷರ), ಪ್ರತಿಯಾಗೋ ದಕ್ಷತೆ ಶೇ 90ರಿಂದ 110. ಮೆಲ್ಟ್ ಕರ್ವಿನಲ್ಲಿ (ತುಣುಕು ಯಾವ ತಾಪದಲ್ಲಿ ಕರಗುತ್ತೆ ಅಂತ ತೋರಿಸೋ ಗೆರೆ) ಒಂದೇ ಶಿಖರ ಬಂತು ಅಂತ ಕುಣಿಯಬೇಡ. ಮೂರು ಪ್ರತಿಗಳೂ ಒಂದೆರಡು ಅಕ್ಷರದಷ್ಟೇ ಬೇರೆಯಿದ್ದರೆ ಮೂರೂ ಒಂದೇ ತಾಪದಲ್ಲಿ ಕರಗಿ ಒಂದೇ ಶಿಖರ ಕೊಡಬಹುದು. ಒಮ್ಮೆಯಾದರೂ ಆ ತುಣುಕನ್ನು ಸೀಕ್ವೆನ್ಸ್ ಮಾಡಿಸು.

ಎಲೆ ಕೀಳೋ ದಿನವನ್ನು ಬಿತ್ತನೆಯಿಂದ ಎಣಿಸಬೇಡ. ತೆನೆ ಹೂಬಿಟ್ಟ ದಿನ ದಾರ ಕಟ್ಟು, ಅಲ್ಲಿಂದ 0, 7, 14, 21ನೇ ದಿನ ಕಡೇ ಎಲೆ (ತೆನೆಯ ಕೆಳಗೇ ಇರೋದು) ಕಿತ್ತು ಕೂಡಲೇ ದ್ರವ ಸಾರಜನಕಕ್ಕೆ ಹಾಕು. ಪ್ರತಿಸಲ ಅದೇ ಹೊತ್ತಿಗೆ, ಕನಿಷ್ಠ ಮೂರು ಬೇರೆ ಗಿಡಗಳಿಂದ. ಹೋಲಿಕೆಗೆ ಅಳೆಯೋ ಆಕ್ಟಿನ್ ಜೀನ್ ಒಂದನ್ನೇ ನಂಬಿ ಕೂರಬೇಡ. ಒಣಗೋ ಎಲೆಯಲ್ಲಿ ಅದೂ ಏರಿಳಿಯಬಹುದು.

ಮುಂದೆ ಮ್ಯೂಟೆಂಟ್ (ಜೀನ್ ಕೆಟ್ಟ ಗಿಡ) ಬೇಕಾದರೆ ಕ್ರೋನೋಸ್ ಅನ್ನೋ ಪಾಸ್ತಾ ಗೋಧಿ ತಳಿಯಿಂದ ಶುರುಮಾಡು. ಅದರಲ್ಲಿ ಎ, ಬಿ ಎರಡೇ ಜೀನೋಮು. ಒಂದು ಪ್ರತಿ ಕೆಡಿಸಿದಾಗ ಗಿಡದಲ್ಲಿ ಏನೂ ಕಾಣದಿದ್ದರೆ ‘ಈ ಜೀನ್‌ಗೆ ಕೆಲಸವಿಲ್ಲ’ ಅಂತ ಬರೆದುಬಿಡಬೇಡ. ಇನ್ನೊಂದು ಪ್ರತಿ ಕೆಲಸ ಮಾಡ್ತಿರಬಹುದು.

ಅಪ್ಪನ ಖಪಲಿ (ಎಮ್ಮರ್) ಗೋಧಿಯನ್ನೂ ನೋಡು. ಬಹುಪಾಲು ಆಧುನಿಕ ಗೋಧಿಗಳಲ್ಲಿ ನ್ಯಾಮ್-ಬಿ1 ಕೆಲಸ ಮಾಡಲ್ಲ: ಒಂದಕ್ಷರ ಹೆಚ್ಚಾಗಿ ಸೇರಿ ಓದು ತಪ್ಪಿದೆ, ಇಲ್ಲವೇ ಜೀನೇ ಬಿದ್ದುಹೋಗಿದೆ. ಖಪಲಿಯ ಎಷ್ಟೋ ಹಳೇ ತಳಿಗಳಲ್ಲಿ ಅದು ಜೀವಂತ. ಒಂದಕ್ಷರದ ವ್ಯತ್ಯಾಸ ಜೆಲ್‌ನಲ್ಲಿ ಕಾಣಲ್ಲ, ಸೀಕ್ವೆನ್ಸೇ ಬೇಕು. ಬ್ಯಾಂಡೇ ಬರದಿದ್ದರೆ ಜೀನ್ ಇಲ್ಲದಿರಬಹುದು, ನಿನ್ನ ಡಿಎನ್‌ಎ ಕೆಟ್ಟಿರಲೂಬಹುದು. ಪಕ್ಕದಲ್ಲೇ ಬೇರೊಂದು ಜೀನಿನ ಪ್ರೈಮರನ್ನೂ ಓಡಿಸು. ಬೀಜ ಅಂಚೆಯಲ್ಲಿ ಇಲ್ಲಿಗೆ ಕಳಿಸಬೇಡ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಧಾರವಾಡದಲ್ಲೇ ನೋಡಿ, ಸೀಕ್ವೆನ್ಸ್ ಫೈಲ್ ಕಳಿಸಿದರೆ ಸಾಕು.

ನಿನ್ನ ಅಕ್ಕ