ಪೊಲೀಸರೇ ಇಲ್ಲದ ಊರಿನ ಪತ್ತೇದಾರ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಪತ್ತೇದಾರಿ ಕಾದಂಬರಿಗಳ ಬಗ್ಗೆ ಬಂದ ಲೇಖನ ಓದಿದೆ. ಪ್ರಾಚೀನ ರೋಮ್‌ನಲ್ಲಿ ನಡೆಯುವ ಕೊಲೆ ಕಥೆಗಳೆಲ್ಲ ಹಳೇ ವೇಷ ತೊಟ್ಟ ಪೊಲೀಸ್ ಕಥೆಗಳು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ನೋಡಿ ಬೇಜಾರಾಯಿತು. ಹತ್ತು ವರ್ಷದಿಂದ ಇವನ್ನೇ ಹುಡುಕಿ ಓದುತ್ತಿರುವವಳು ನಾನು. ಸುಮ್ನೆ ಇರಲು ಆಗಲಿಲ್ಲ.

ಆ ರೋಮ್‌ನಲ್ಲಿ ನಮಗೆ ಗೊತ್ತಿರುವಂಥ ಪೊಲೀಸರೇ ಇರಲಿಲ್ಲ. ಕ್ರಿ.ಶ. 6ರಲ್ಲಿ ಚಕ್ರವರ್ತಿ ಅಗಸ್ಟಸ್ ಒಂದು ರಾತ್ರಿ ಕಾವಲು ಪಡೆ ಕಟ್ಟಿದ, ನಿಜ. ಅದರ ಮುಖ್ಯ ಕೆಲಸ ಬೆಂಕಿ ಆರಿಸುವುದು. ಮನೆಯಲ್ಲಿ ಕೊಲೆಯಾದರೆ ಸಾಕ್ಷಿ ಹುಡುಕುವುದು, ಕೋರ್ಟಿಗೆ ಎಳೆಯುವುದು ಎಲ್ಲ ಆ ಮನೆಯವರದೇ ಪಾಡು. ಅಂಥ ಕಡೆ ಕಾಸಿಗೆ ಸುದ್ದಿ ಹೆಕ್ಕಿ ತರುವವನೊಬ್ಬ ಬೇಕೇ ಬೇಕಲ್ವಾ? ಕಾದಂಬರಿಕಾರರು ಹಿಡಿದಿರುವುದು ಈ ಎಳೆಯನ್ನೇ.

ಸ್ಟೀವನ್ ಸೇಲರ್ ಅವರ 'ರೋಮನ್ ಬ್ಲಡ್' (1991) ತೆಗೆದುಕೊಳ್ಳಿ. ಅದರ ಪತ್ತೇದಾರ ಗೋರ್ಡಿಯಾನಸ್ ಕಲ್ಪನೆ. ಕೇಸು ಕಲ್ಪನೆಯಲ್ಲ. ಕ್ರಿ.ಪೂ. 80ರಲ್ಲಿ 26 ವರ್ಷದ ವಕೀಲ ಸಿಸಿರೊ ವಾದಿಸಿದ ಕೇಸು ಅದು, ಅವನ ಭಾಷಣ ಇವತ್ತಿಗೂ ಉಳಿದಿದೆ. ಸೆಕ್ಸ್ಟಸ್ ರೋಸಿಯಸ್ ಎಂಬ ಹಳ್ಳಿಯ ಜಮೀನ್ದಾರ ರಾತ್ರಿ ಊಟ ಮುಗಿಸಿ ಬರುವಾಗ ರೋಮ್‌ನ ಬೀದಿಯಲ್ಲಿ ಕೊಲೆಯಾಗುತ್ತಾನೆ. ತಂದೆಯನ್ನು ಕೊಂದ ಆರೋಪ ಮಗನ ಮೇಲೆ ಬರುತ್ತದೆ. ಸಾಬೀತಾದರೆ ಚರ್ಮದ ಚೀಲದಲ್ಲಿ ಹಾಕಿ, ಚೀಲದ ಬಾಯಿ ಹೊಲಿದು ನೀರಿಗೆಸೆಯುವ ಶಿಕ್ಷೆ.

ಸಿಸಿರೊ ಎತ್ತಿ ತೋರಿಸಿದ ಒಂದು ಸಂಗತಿ ನನಗೆ ಮರೆಯಲಾಗುವುದೇ ಇಲ್ಲ. ಕೊಲೆಯ ಸುದ್ದಿ ಹೊತ್ತವನೊಬ್ಬ ಗಾಡಿ ಬದಲಿಸುತ್ತಾ ಒಂದೇ ರಾತ್ರಿ, ಹತ್ತು ಗಂಟೆಯಲ್ಲಿ, 56 ರೋಮನ್ ಮೈಲಿ ಓಡುತ್ತಾನೆ. ಅಂದರೆ 80 ಕಿಲೋಮೀಟರಿಗೂ ಜಾಸ್ತಿ. ಬೆಳಕು ಹರಿಯುವಷ್ಟರಲ್ಲಿ ಸತ್ತವನ ಊರಾದ ಅಮೇರಿಯಾ ಮುಟ್ಟುತ್ತಾನೆ. ಯಾರ ಮನೆ ಬಾಗಿಲು ತಟ್ಟಿದ ಗೊತ್ತೇ? ಹೆಂಡತಿ ಮಕ್ಕಳ ಮನೆಯದಲ್ಲ. ಸತ್ತವನ ಹಗೆಯವನ ಮನೆಯದು. ಆಮೇಲೆ ಸತ್ತವನ 60 ಲಕ್ಷ ಸೆಸ್ಟರ್ಸ್ (ರೋಮನ್ ನಾಣ್ಯ) ಬೆಲೆಯ ಆಸ್ತಿ ಬರೀ 2 ಸಾವಿರಕ್ಕೆ ಹರಾಜಾಗುತ್ತದೆ. ಕೊಂಡವನು ಸರ್ವಾಧಿಕಾರಿ ಸುಲ್ಲಾನ ಬಲಗೈ ಬಂಟ ಕ್ರಿಸೋಗೋನಸ್. ಇದರಿಂದ ಲಾಭ ಯಾರಿಗಾಯಿತು ಎಂದು ಸಿಸಿರೊ ಕೋರ್ಟಿನಲ್ಲೇ ಕೇಳಿದ. ಸುಲ್ಲಾ ಆಳುತ್ತಿರುವಾಗ ಹಾಗೆ ಕೇಳಲು ಎಷ್ಟು ಎದೆಗಾರಿಕೆ ಬೇಕು! ಮಗ ಬಿಡುಗಡೆಯಾದ. ಕಾದಂಬರಿ ಓದುವಾಗ ಆ ಬೀದಿಯ ಕತ್ತಲು, ಆ ಭಯ ಮೈಗೆ ತಾಗುತ್ತದೆ. ಇದು ವೇಷವಾ?

ಲಿಂಡ್ಸೆ ಡೇವಿಸ್ ಅವರ ಪತ್ತೇದಾರ ಫಾಲ್ಕೊನ ಕಥೆಗಳದು ಬೇರೆಯೇ ರುಚಿ. 1989ರ 'ದಿ ಸಿಲ್ವರ್ ಪಿಗ್ಸ್' ಆ ಸರಣಿಯ ಮೊದಲನೆಯದು. ಕ್ರಿ.ಶ. 70, ವೆಸ್ಪಾಸಿಯನ್ ದೊರೆ. ಫಾಲ್ಕೊ ಇರುವುದು ಬಾಡಿಗೆ ಕಟ್ಟಡದ ತುತ್ತತುದಿಯ ಮಹಡಿಯಲ್ಲಿ, ಕೆಳಗೆ ಬಟ್ಟೆ ಒಗೆಯುವ ಅಂಗಡಿ. ರೋಮ್‌ನಲ್ಲಿ ಬಟ್ಟೆ ಒಗೆಯಲು ಮೂತ್ರ ಬಳಸುತ್ತಿದ್ದರು, ವೆಸ್ಪಾಸಿಯನ್ ಅದಕ್ಕೂ ತೆರಿಗೆ ಹಾಕಿದ್ದ. ಕಥೆ ಹೋಗುವುದು ಬ್ರಿಟನ್ನಿನ ಸೀಸದ ಗಣಿಗೆ, ಬೆಳ್ಳಿ ಕಳ್ಳಸಾಗಣೆಯ ಜಾಡು ಹಿಡಿದು.

ನಾನು ಚಿತ್ರದುರ್ಗದ ಶಾಲೆಯಲ್ಲಿ ಇತಿಹಾಸ ಹೇಳಿಕೊಟ್ಟವಳು. ಇಲ್ಲಿನ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ, ದೊರೆ ಟೈಬೀರಿಯಸ್‌ನ ಮುಖ ಇರುವಂಥವು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಒಬ್ಬ ಹುಡುಗ, "ಮಿಸ್, ಆ ರೋಮ್‌ನಲ್ಲಿ ಜನ ಹೆಂಗಿದ್ರು?" ಎಂದು ಕೇಳಿದ್ದ. ಪಾಠದ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಈ ಕಾದಂಬರಿಗಳನ್ನು ಆಗಲೇ ಓದಿದ್ದರೆ ಒಂದು ತಾಸು ಹೇಳುತ್ತಿದ್ದೆ.

ನಿಮ್ಮ ಪುರವಣಿಯಲ್ಲಿ ಧಾರಾವಾಹಿಗೆ ಜಾಗವಿದೆ. ಹಕ್ಕು ಪಡೆದು ಇವುಗಳಲ್ಲಿ ಒಂದನ್ನಾದರೂ ಕನ್ನಡದಲ್ಲಿ ವಾರವಾರ ಕೊಡಿ. ಮೊದಲು ರೋಸಿಯಸ್‌ನ ಕೇಸೇ ಇರಲಿ.

— ನಿವೃತ್ತ ಶಿಕ್ಷಕಿ, ಚಿತ್ರದುರ್ಗ